ಪರೀಕ್ಷೆಗೇ ಕೂಡದ ಕಾರು

ಆ ಕಾರಿನ ಮುಖವನ್ನು ನಾನು ಸರಿಯಾಗಿ ನೋಡಿಲ್ಲ. ಬೆನ್ನು ಮಾತ್ರ ಚೆನ್ನಾಗಿ ಗೊತ್ತು. ಅದರ ಹಿಂದಿನ ಎರಡು ದೀಪಗಳು ತಯಾರಾಗುವುದು ಛತ್ರಪತಿ ಸಂಭಾಜಿನಗರದ ಹೊರಗೆ, ವಾಳೂಜ್ ಕಡೆಯ ನಮ್ಮ ಕಾರ್ಖಾನೆಯಲ್ಲಿ. ನಾಲ್ಕು ಬಾಗಿಲಿನ, ನೆಲಕ್ಕೆ ತಗ್ಗಿ ಕೂತ, ಭಾರೀ ವೇಗದ ಸೆಡಾನ್ ಅದು. ಯುರೋಪಿನಲ್ಲಿ ಓಡುತ್ತದೆ, ಕೊಲ್ಲಿ ದೇಶಗಳಲ್ಲಿ ಓಡುತ್ತದೆ, ಆಸ್ಟ್ರೇಲಿಯಾದಲ್ಲಿ ಓಡುತ್ತದೆ. ಅಮೆರಿಕದಲ್ಲಿ ಸಿಗುವುದಿಲ್ಲ.

ಯಾಕೆ ಸಿಗುವುದಿಲ್ಲ ಅನ್ನೋದರ ಬಗ್ಗೆ ಒಂದು ಹಾಳೆಯ ಮೇಲೆ ಸುಳ್ಳು ಬರೆಯಲು ಒಪ್ಪದೆ, ಇದ್ದ ಕೆಲಸವನ್ನೇ ಕಳೆದುಕೊಳ್ಳುವ ತನಕ ಹೋಗಿದ್ದೆ. ಅದನ್ನೇ ಇಲ್ಲಿ ಬರೀತಿದ್ದೇನೆ.

ನನ್ನ ಕೆಲಸ ಏನು ಅಂತ ಮೊದಲು ಹೇಳಿಬಿಡ್ತೇನೆ. ಕಾರ್ಖಾನೆಯ ಹಿಂಭಾಗದಲ್ಲಿ ಉದ್ದನೆಯ ಒಂದು ಕೋಣೆ ಇದೆ. ಗೋಡೆ, ಸೂರು, ನೆಲ ಎಲ್ಲ ಕಪ್ಪು. ನಾವು ಅದನ್ನ ಕತ್ತಲ ಕೋಣೆ ಅಂತೀವಿ. ಹೊಸ ಅಚ್ಚಿನಿಂದ ಬಂದ ದೀಪವನ್ನು ಆ ಕೋಣೆಯ ಒಂದು ತುದಿಯಲ್ಲಿ ತಿರುಗುವ ಮೇಜಿಗೆ ಬಿಗಿಯೋದು, ಇನ್ನೊಂದು ತುದಿಯಲ್ಲಿ ಬೆಳಕು ಅಳೆಯುವ ಯಂತ್ರ. ಮೇಜು ಒಂದೊಂದೇ ಡಿಗ್ರಿ ಕೋನ ತಿರುಗುತ್ತದೆ. ಎಡಕ್ಕೆ ಇಷ್ಟು ತಿರುಗಿದಾಗ ಎಷ್ಟು ಬೆಳಕು, ಮೇಲಕ್ಕೆ ಇಷ್ಟಾದಾಗ ಎಷ್ಟು ಅಂತ ಬರೆದುಕೊಳ್ಳೋದು. ಬರೆದ ಮೇಲೆ ಕೆಳಗೆ ನನ್ನ ಸಹಿ. ಅಳೆದವರ ಸಹಿ ಇಲ್ಲದೆ ದೀಪದ ಕಾಗದ ಗೇಟು ದಾಟುವುದಿಲ್ಲ.

ನಾನು ಬಿ.ಎಸ್ಸಿ. ಭೌತಶಾಸ್ತ್ರ, ಪ್ರಥಮ ದರ್ಜೆ. ನಮ್ಮ ಮನೆತನದಲ್ಲಿ ಡಿಗ್ರಿ ಅನ್ನೋದನ್ನ ಕೈಯಲ್ಲಿ ಹಿಡಿದವಳು ನಾನೇ ಮೊದಲು. ಇದನ್ನ ಹೇಳಿಕೊಳ್ಳಬಾರದು, ಜಂಬ ಅನ್ನಿಸ್ತದೆ ಅಂತ ಕೆಲವರು ಬುದ್ಧಿ ಹೇಳ್ತಾರೆ. ಅವರ ಅಜ್ಜಂದಿರೂ ಓದಿದವರು. ನಾನು ಹೇಳಿಕೊಳ್ತೇನೆ.

ಅಪ್ಪ ಗೋಡೆ ಕಟ್ಟುವವರ ಮೇಳದ ಜೊತೆ ಇಂಡಿ ತಾಲೂಕಿನಿಂದ ನಾಸಿಕ್‌ಗೆ ಬಂದ ಗೌಂಡಿ. ಅವ್ವ ಅದೇ ಮೇಳದಲ್ಲಿ ಸಿಮೆಂಟ್ ಬುಟ್ಟಿ ಹೊತ್ತಾಕಿ. ನಾಲ್ಕನೇ ಇಯತ್ತೆಯವರೆಗೆ ಅಜ್ಜಿಯ ಹತ್ತಿರ ಇದ್ದು ಕನ್ನಡ ಸಾಲಿ ಕಲಿತೆ, ಆಮೇಲೆ ನಾಸಿಕ್‌ನಲ್ಲಿ ಮರಾಠಿ ಸಾಲಿ. ಕಾರ್ಖಾನೆಯಲ್ಲಿ ನಡೆಯುವ ಮಾತೆಲ್ಲ ಮರಾಠಿ, ಹಿಂದಿ. ಇಲ್ಲಿ ಅದನ್ನ ಕನ್ನಡಕ್ಕೆ ಹಾಕಿಕೊಂಡಿದ್ದೇನೆ.

ಕ್ಯಾಂಟೀನಿನಲ್ಲಿ ಒಂದು ಮಧ್ಯಾಹ್ನ ಈ ಮಾತು ಶುರುವಾಯಿತು. ಅಚ್ಚಿನ ಯಂತ್ರ ನಡೆಸುವವನೊಬ್ಬ, ನನ್ನ ವಯಸ್ಸಿನವನೇ, ಮೊಬೈಲಿನಲ್ಲಿ ಕಾರಿನ ವಿಡಿಯೋ ನೋಡುವ ಹುಚ್ಚಿನವನು. ನನ್ನನ್ನ ತಾಈ ಅಂತಾನೆ, ಅಂದರೆ ಅಕ್ಕ.

"ತಾಈ, ನಮ್ಮ ಗಾಡಿ ವಿಡಿಯೋ ಕೆಳಗೆ ಅಮೆರಿಕದವರು ಹೆಂಗೆ ಅಳ್ತಾರೆ ನೋಡು. ನಮಗ್ಯಾಕೆ ಕೊಡಲ್ಲ, ನಮಗ್ಯಾಕೆ ಕೊಡಲ್ಲ ಅಂತ. ಯಾಕೆ ಕೊಡಲ್ಲ?"

ನಾನು ಬಾಯಿ ತೆರೆಯೋದರೊಳಗೆ ಪಕ್ಕದ ಮೇಜಿನಿಂದ ಪ್ಯಾಕಿಂಗ್ ವಿಭಾಗದವನು ಅಂದ: "ಹಿಂದಿನ ದೀಪ ಎಲ್ಲಿ ಮಾಡಿದ್ದು ಅಂತ ಅವರಿಗೆ ಗೊತ್ತಾಗಿರಬೇಕು."

ಎಲ್ಲರೂ ನಕ್ಕರು. ಊಟದ ಹೊತ್ತಿನ ತಮಾಷೆ, ನಾನೂ ನಗಬೇಕಿತ್ತು. ಆದರೆ ನೋಡಿ, ಯಾವುದಾದರೂ ವಸ್ತು ಎಲ್ಲಿಗಾದರೂ ಹೋಗಲಿಲ್ಲ ಅಂದ ಕೂಡಲೆ ನಮ್ಮ ಮಂದಿಗೆ ಮೊದಲು ಹೊಳೆಯೋದು ನಮ್ಮದೇ ತಪ್ಪು ಇರಬೇಕು ಅಂತ. ಆ ಅಭ್ಯಾಸ ನನಗೆ ಸೇರುವುದಿಲ್ಲ. ತಟ್ಟೆ ಸರಿಸಿ ಅವರಿಗೆ ಹೇಳಿದೆ.

ಜಗತ್ತಿನಲ್ಲಿ ಕಾರುಗಳಿಗೆ ಎರಡು ದೊಡ್ಡ ಪರೀಕ್ಷಾ ಮಂಡಳಿಗಳಿವೆ ಅಂದುಕೊಳ್ಳಿ ಅಂದೆ. ಯುರೋಪಿನ ಕಟ್ಟಳೆ ಒಂದು. ಅದನ್ನ ಬಹಳಷ್ಟು ದೇಶಗಳು ಒಪ್ಪುತ್ತವೆ, ನಮ್ಮ ದೇಶದ ನಿಯಮಗಳೂ ಅದರ ಹತ್ತಿರದವೇ. ಅಮೆರಿಕದ್ದು ಬೇರೆ. ಇಲ್ಲಿ ಪಾಸಾದ ಮಾರ್ಕ್ಸ್‌ಕಾರ್ಡು ಅಲ್ಲಿ ನಡೆಯುವುದಿಲ್ಲ. ಕಾರನ್ನು ಗೋಡೆಗೆ ಗುದ್ದಿಸಿ ನೋಡುವ ರೀತಿ ಬೇರೆ, ಹೊಗೆ ಅಳೆಯುವ ರೀತಿ ಬೇರೆ, ದೀಪದ ಲೆಕ್ಕ ಬೇರೆ. ಯುರೋಪಿನಲ್ಲಿ ತಿರುಗುವ ಸೂಚನೆಯ ಹಿಂದಿನ ದೀಪ ಹಳದಿಯೇ ಇರಬೇಕು. ಅಮೆರಿಕದಲ್ಲಿ ಕೆಂಪಿದ್ದರೂ ನಡೆಯುತ್ತದೆ. ಆದರೆ ಕಾರಿನ ಪಕ್ಕೆಯಲ್ಲಿ, ಹಿಂದಿನ ಮೂಲೆಗೆ, ಒಂದು ಕೆಂಪು ದೀಪವೂ ಬೆಳಕು ಬಿದ್ದರೆ ಹೊಳೆಯುವ ಒಂದು ಬಿಲ್ಲೆಯೂ ಬೇಕೇ ಬೇಕು. ಅದಿಲ್ಲದಿದ್ದರೆ ರಸ್ತೆಗೆ ಇಳಿಸುವ ಹಾಗಿಲ್ಲ.

"ಇನ್ನೊಂದು ಮಜಾ ಕೇಳು. ಅಲ್ಲಿ ಪರೀಕ್ಷೆ ತಗೊಳ್ಳೋರು ಮೊದಲು ಬರೋದಿಲ್ಲ. ನಿನ್ನ ಪೇಪರ್ ನೀನೇ ತಿದ್ದಿಕೊಂಡು ನಾನು ಪಾಸು ಅಂತ ಬರೆದುಕೊಡಬೇಕು. ಸುಳ್ಳು ಬರೆದದ್ದು ಆಮೇಲೆ ಗೊತ್ತಾದರೆ ಮಾರಿದ ಅಷ್ಟೂ ಗಾಡಿ ವಾಪಸ್ ಕರೆಸಿ ರಿಪೇರಿ ಮಾಡಿಕೊಡಬೇಕು, ಮೇಲೆ ದಂಡ."

"ನಮ್ಮಲ್ಲಿ ಹಂಗಿದ್ದಿದ್ದರೆ ನಾನೂ ಇಂಜಿನಿಯರು," ಅಂದ ಪ್ಯಾಕಿಂಗಿನವನು.

"ಇಷ್ಟೇನಾ?" ಅಂದ ವಿಡಿಯೋದವನು. "ಒಂದು ಬಿಲ್ಲೆ ಅಂಟಿಸಿ ಕಳಿಸೋಕೆ ಏನು ಕಷ್ಟ?"

ಕಷ್ಟ ಬಿಲ್ಲೆಯದ್ದಲ್ಲ ಅಂದೆ. ಗೋಡೆಗೆ ಗುದ್ದಿಸಲು ಹೊಸ ಕಾರುಗಳನ್ನೇ ಬಲಿ ಕೊಡಬೇಕು. ಎಂಜಿನ್ನನ್ನು ಮತ್ತೆ ತಿಂಗಳುಗಟ್ಟಲೆ ಓಡಿಸಿ ಹೊಗೆ ಅಳೆಯಬೇಕು. ನೂರು ಕಾರು ಮಾರಿದರೂ ಲಕ್ಷ ಕಾರು ಮಾರಿದರೂ ಪರೀಕ್ಷೆಯ ಖರ್ಚು ಅಷ್ಟೇ. ಅಲ್ಲಿಯ ಜನ ಕೊಳ್ಳೋದು ಎತ್ತರದ ಗಾಡಿ, ಹಿಂದೆ ಸಾಮಾನು ಹೇರುವ ಗಾಡಿ. ತಗ್ಗಿನ ಸೆಡಾನ್ ಬೇಕು ಅಂತ ವಿಡಿಯೋ ಕೆಳಗೆ ಅಳೋರು ಬಹಳ, ಅಂಗಡಿಗೆ ಬರೋರು ಕಮ್ಮಿ. ಹಾಗಾಗಿ ಕಂಪನಿ ಲೆಕ್ಕ ಹಾಕಿ, ಆ ಪರೀಕ್ಷೆಗೆ ಕೂಡೋದೇ ಬೇಡ ಅನ್ನುತ್ತದೆ. ಕಾರು ಕೆಟ್ಟದ್ದು ಅಂತಲ್ಲ.

"ಇಪ್ಪತ್ತೈದು ವರ್ಷ ಕಾದರೆ ಮಾತ್ರ ತರಿಸಿಕೊಳ್ಳಬಹುದು," ಅಂದೆ. "ಅಷ್ಟು ಹಳೇದಾದ ಮೇಲೆ ಈ ಕಟ್ಟಳೆ ಕೇಳೋದಿಲ್ಲ."

"ಅಷ್ಟರಲ್ಲಿ ಅಳೋನ ಮಗ ಅಳ್ತಿರ್ತಾನೆ," ಅಂತ ಅವನು ಮೊಬೈಲ್ ಜೇಬಿಗೆ ಹಾಕಿಕೊಂಡ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಅದೇ ತಿಂಗಳು ಕಾರು ಕಂಪನಿಯವರು ಬಿಡಿಭಾಗ ಮಾಡುವ ಎಲ್ಲರಿಗೂ ಒಂದು ತಖ್ತೆ ಕಳಿಸಿದರು. ಎಡಗಡೆ ಸಾಲಾಗಿ ದೇಶಗಳು; ಎದುರಿಗೆ ಎರಡೇ ಮನೆ. ಪಾಸು, ಫೇಲು. ನಿಮ್ಮ ಭಾಗ ಯಾವ ದೇಶದ ಕಟ್ಟಳೆಯಲ್ಲಿ ಏನಾಗಿದೆ, ಗುರುತು ಹಾಕಿ, ಸಹಿ ಮಾಡಿ ಕಳಿಸಿ. ಕಾರಿನ ಮುಂದಿನ ಅವತಾರವನ್ನು ಅಮೆರಿಕಕ್ಕೂ ಒಯ್ಯಬೇಕೋ ಬೇಡವೋ ಅಂತ ಅವರು ಯೋಚಿಸುತ್ತಿದ್ದರು. ಒಯ್ಯುವುದಾದರೆ ದೀಪಕ್ಕೆ ಯಾರನ್ನು ಕೇಳಬೇಕು ಅನ್ನೋದನ್ನ ಈ ತಖ್ತೆ ನೋಡಿ ಆರಿಸುತ್ತಾರೆ. ಫೇಲು ಅಂತ ಇದ್ದವರನ್ನ ಕೇಳೋದೇ ಇಲ್ಲ.

ನಮ್ಮ ಪ್ರಯೋಗಾಲಯದ ಸಾಹೇಬರು ಅದನ್ನ ತುಂಬಿ ನನ್ನ ಮೇಜಿಗೆ ತಂದರು. ನಿವೃತ್ತಿಗೆ ಹತ್ತಿರವಾದ ಮನುಷ್ಯ, ಕೆಟ್ಟವರಲ್ಲ. ಎಲ್ಲ ದೇಶಗಳ ಮುಂದೆ ಪಾಸು. ಅಮೆರಿಕದ ಮುಂದೆ ಫೇಲು. ಕೆಳಗೆ ನನ್ನ ಹೆಸರು ಟೈಪಾಗಿತ್ತು, ಸಹಿ ಒಂದೇ ಬಾಕಿ.

"ಇದು ಫೇಲ್ ಆಗಿಲ್ಲ ಸರ್," ಅಂದೆ.

"ಪಾಸ್ ಆಗಿದೆಯಾ?"

"ಇಲ್ಲ."

"ಪಾಸ್ ಆಗಿಲ್ಲ ಅಂದಮೇಲೆ ಫೇಲೇ ಅಲ್ಲವಾ? ಪಕ್ಕೆಯ ದೀಪ ಇಲ್ಲ, ಬಿಲ್ಲೆ ಇಲ್ಲ. ಹಾಕು ಸಹಿ."

"ಅವರು ಕೇಳಲಿಲ್ಲ, ನಾವು ಹಾಕಲಿಲ್ಲ. ಸಕ್ಕರೆ ಬೇಡ ಅಂದವರಿಗೆ ಕೊಟ್ಟ ಚಹಾ ಸಪ್ಪೆ ಇದೆ ಅಂತ ಚಹಾ ಮಾಡಿದವಳನ್ನ ಬೈತಾರಾ?"

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. "ನಿನ್ನ ಕಾಂಟ್ರಾಕ್ಟ್ ಇದೇ ತಿಂಗಳು ಮುಗೀತದೆ ಅಲ್ಲವಾ," ಅಂದರು. ಬೆದರಿಕೆಯ ದನಿಯಲ್ಲ, ನೆನಪು ಮಾಡುವ ದನಿ. ಅದು ಇನ್ನೂ ಕೆಟ್ಟದ್ದು. "ಹೊಸದಕ್ಕೆ ನಾನೇ ಬರೆದುಕೊಡಬೇಕು. ಒಂದು ಗುರುತಿಗೆ ಯಾಕೆ ಜಗಳ?"

ಬುಧವಾರದ ತನಕ ಸಮಯ ಕೊಡಿ ಅಂದೆ. ಸಹಿ ಹಾಕಲಿಲ್ಲ.

ಒಂದು ಗುರುತಿಗೆ ಯಾಕೆ ಜಗಳ ಅನ್ನೋದಕ್ಕೆ ನನ್ನ ಹತ್ತಿರ ಉತ್ತರ ಇತ್ತು. ಅವರಿಗೆ ಹೇಳಲಿಲ್ಲ. ಇಲ್ಲಿ ಹೇಳ್ತೇನೆ.

ಗೌಂಡಿ ಮೇಳ ಒಂದು ಕೆಲಸ ಮುಗಿಸಿ ಇನ್ನೊಂದಕ್ಕೆ ಹೋಗುವಾಗ ನಮ್ಮಲ್ಲಿ ಒಂದು ರೂಢಿ ಇದೆ. ಮೊದಲ ಟೆಂಪೋದಲ್ಲಿ ದೇವರ ಗಂಟು ಹೋಗಬೇಕು. ದೇವರ ಫೋಟೋ, ಭಂಡಾರದ ಅರಿಶಿನ, ಕುಂಕುಮ, ಹಿರಿಯರ ಬೆಳ್ಳಿ ಮುಖ, ಎಲ್ಲ ಒಂದು ಹಳದಿ ಬಟ್ಟೆಯಲ್ಲಿ. ಹೊಸ ಜಾಗದಲ್ಲಿ ತಗಡು ಏರಿಸಿ, ಒಲೆ ಹೂಡಿ, ಹಾಲು ಉಕ್ಕಿಸುವ ತನಕ ಆ ಗಂಟನ್ನ ಯಾರೂ ಬಿಚ್ಚುವಂತಿಲ್ಲ. ನಾನು ಹತ್ತನೇ ಪರೀಕ್ಷೆ ಬರೆಯುತ್ತಿದ್ದಾಗ ನಾಸಿಕ್‌ನ ಕೆಲಸ ಮುಗಿದು ಮೇಳ ಸಿನ್ನರ್‌ಗೆ ಹೊರಟಿತು. ಅಲ್ಲಿ ಒಂದು ಕಾರ್ಖಾನೆಯ ಗೋಡೆ ಏಳಬೇಕಿತ್ತು. ಗಣಿತದ ಪೇಪರು ಮರುದಿನ. ನಾನು ಗೆಳತಿಯ ಮನೆಯಲ್ಲಿ ಉಳಿದೆ. ಅವ್ವ ಓದಿದವಳಲ್ಲ, ಆದರೆ ಹಾಲ್ ಟಿಕೆಟ್ ಅನ್ನೋದು ಮನೆಯಲ್ಲಿರುವ ಎಲ್ಲಕ್ಕಿಂತ ಬೆಲೆಯುಳ್ಳ ಕಾಗದ ಅಂತ ಅವಳಿಗೆ ಗೊತ್ತಿತ್ತು. ಸಾಮಾನು ಕಟ್ಟುವ ಗದ್ದಲದಲ್ಲಿ ಕಳೆದೀತು ಅಂತ ಅದನ್ನ ಎಲ್ಲಕ್ಕಿಂತ ಭದ್ರವಾದ ಜಾಗದಲ್ಲಿ ಇಟ್ಟಳು. ದೇವರ ಗಂಟಿನಲ್ಲಿ.

ಬೆಳಿಗ್ಗೆ ನಾನು ಸಾಲಿಯ ಗೇಟಿನಲ್ಲಿ ಚೀಲದೊಳಗೆ ಹುಡುಕುತ್ತ ನಿಂತಾಗ ಹಾಲ್ ಟಿಕೆಟ್ಟು ದೇವರ ಜೊತೆ ಸಿನ್ನರ್‌ನಲ್ಲಿತ್ತು. ಗೇಟಿನವರು ಬಿಡಲಿಲ್ಲ. ಅವರ ನಿಯಮ ಅದು. ಒಳಗೆ ಗಂಟೆ ಹೊಡೆದದ್ದು ಕೇಳಿಸಿತು, ಪ್ರಶ್ನೆಪತ್ರಿಕೆ ಹಂಚಿದ್ದು ಕಿಟಕಿಯಿಂದ ಕಂಡಿತು. ಮೂರು ತಾಸು ಅಲ್ಲೇ ಕೂತಿದ್ದೆ. ಹೊರಬಂದ ಹುಡುಗಿಯರ ಹತ್ತಿರ ಪೇಪರು ಇಸಕೊಂಡು ಅಲ್ಲೇ ಫುಟ್‌ಪಾತಿನ ಮೇಲೆ ಬಿಡಿಸಿದೆ. ಒಂದು ಲೆಕ್ಕ ಬಿಟ್ಟು ಎಲ್ಲ ಬಂದವು.

ಫಲಿತಾಂಶ ಬಂದಾಗ ಆ ವಿಷಯದ ಮುಂದೆ ಗೈರುಹಾಜರು ಅಂತಿತ್ತು. ಆದರೆ ಕೆಳಗಿನ ಒಟ್ಟು ಸಾಲಿನಲ್ಲಿ ನಾಪಾಸು. ಮಂದಿ ಓದೋದು ಕೆಳಗಿನ ಸಾಲನ್ನೇ. ಮೇಳದ ಮುಕಾದಮ, ಅಂದರೆ ಆಳುಗಳನ್ನ ಕರೆತಂದು ಕೆಲಸ ಹಚ್ಚುವವನು, ಅಪ್ಪನಿಗೆ ಅಂದ: "ಫೇಲ್ ಆದಾಕಿನ್ನ ಇನ್ನ ಎಷ್ಟ ದಿನ ಓದಸ್ತೀಯೋ? ನಾಳಿಂದ ಬುಟ್ಟಿ ಹೊರಸು."

ಅಪ್ಪ ಗೋಡೆಗೆ ಸಿಮೆಂಟು ಹೊಡೆಯುತ್ತಿದ್ದವನು ಕರಣಿ ಕೆಳಗಿಡದೆಯೇ ಹೇಳಿದ: "ಕೂಡಾಕ ಬಿಟ್ಟಿಲ್ಲ, ಹೆಂಗ ಫೇಲ್ ಆದಾಳ್ರಿ? ಓಡಸದ ಎತ್ತ ಸೋತಿತು ಅಂತ ಯಾರರೆ ಅಂತಾರೇನ?"

ಅಕ್ಟೋಬರ್‌ನಲ್ಲಿ ಆ ಪೇಪರಿಗೆ ಕೂತೆ, ಪಾಸಾದೆ. ಆಮೇಲೆ ಕಾಲೇಜು, ಡಿಗ್ರಿ, ಎಲ್ಲ. ಆದರೂ ಸಂದರ್ಶನಕ್ಕೆ ಹೋದಲ್ಲೆಲ್ಲ ಯಾರಾದರೂ ಒಬ್ಬರು ಆ ಹಳೇ ಹಾಳೆ ತಿರುವಿ, ಹತ್ತನೇದರಲ್ಲಿ ಫೇಲ್ ಆಗಿದ್ದೀರಾ ಅಂತ ಕೇಳಿಯೇ ಕೇಳೋರು. ನಾನು ಪ್ರತಿ ಸಲವೂ ಇಲ್ಲ ಅಂದೆ. ಒಂದು ಕಡೆ ಅದಕ್ಕೇ ಕೆಲಸ ಸಿಗಲಿಲ್ಲ, ಹಟಮಾರಿ ಅಂದರು. ಹೌದು ಅಂದಿದ್ದರೆ ಸಿಗುತ್ತಿತ್ತೇನೋ.

ಆ ಭಾನುವಾರ ನಾಸಿಕ್‌ಗೆ ಹೋದೆ. ಯೇವಲೆ ದಾಟುವ ತನಕ ಬಸ್ಸಿನ ಮುಂದೆ ಉಳ್ಳಾಗಡ್ಡಿ ಟ್ರ್ಯಾಕ್ಟರುಗಳು. ಮನೆ ಮುಟ್ಟಿದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು, ಅಪ್ಪ ಪೇಪರಿನ ಚಿತ್ರ ನೋಡುತ್ತ ಕೂತಿದ್ದ. ಈಗ ಅಪ್ಪನೂ ಸಣ್ಣ ಮುಕಾದಮನೇ. ನಡೆದದ್ದೆಲ್ಲ ಹೇಳಿದೆ.

ಅವ್ವನಿಗೆ ಕಾರಿನ ಚಿಂತೆ. "ಅಲ್ಲಬೇ, ಅಷ್ಟ ಚಂದನ ಗಾಡಿ ಅವರಿಗೆ ಯಾಕ ಬ್ಯಾಡ?"

"ಬ್ಯಾಡ ಅಂದಿಲ್ಲವ್ವ. ಅಲ್ಲಿ ಒಯ್ಯಬೇಕಂದ್ರ ಮತ್ತೊಂದ ಸಲ ಎಲ್ಲಾ ಪರೀಕ್ಷೆ ಕೊಡಬೇಕು. ಅಷ್ಟ ಮಾಡಿದ್ರೂ ಕೊಳ್ಳೋರು ನಾಕ ಮಂದಿ."

"ಹಂಗಾರ ಹೋಗಲಾರದ್ದ ಚಲೋ ಆತು. ತಾವಾಗಿ ಕೇಳಾಕ ಬರಲಾರದ ಮನಿಗೆ ನಾವಽ ಹೋಗಿ ಹೆಣ್ಣ ಕೊಡ್ತೀವೇನ?"

"ಕೊಡಬ್ಯಾಡ. ಆದ್ರ ಕೊಡಲಾರದ ಹೆಣ್ಣಿಗೆ ಐಬ ಐತಿ ಅಂತ ನಾನಽ ಬರದು ಕೊಡಬೇಕಂತ."

ಅವ್ವನ ಕೈ ರೊಟ್ಟಿಯ ಮೇಲೆ ನಿಂತಿತು. "ಯಾವ ಭಾಡ್ಯಾ ಹೇಳಿದಾ?"

ಅಪ್ಪ ಪೇಪರು ಮಡಿಸಿದ. "ಕೆಲಸ ಹೋದ್ರ ಹೋಗಲಿ ಅಂತ ನಾ ಹೇಳೂದಿಲ್ಲ," ಅಂದ. "ಕೆಲಸ ಹೋದ ಮನಿ ಹೆಂಗ ಇರತೈತಿ ನನಗ ಗೊತ್ತೈತಿ. ಆದ್ರ ಒಂದ ಕೇಳ್ತೀನಿ. ಅಳತಿ ಮಾಡಾಕಿ ನೀ. ಅಳತಿ ಮಾಡಿ ನೋಡಿಯೇನ?"

ನೋಡಿರಲಿಲ್ಲ. ಅದೇ ನನ್ನ ಮುಖಕ್ಕೆ ಹೊಡೆದಂತಾಯಿತು. ನಮ್ಮ ದೀಪ ಫೇಲಲ್ಲ ಅಂತ ಇಷ್ಟು ದಿನ ಬಾಯಿಂದ ಹೇಳಿದ್ದೆ, ಕತ್ತಲ ಕೋಣೆಗೆ ಒಯ್ದು ಅಮೆರಿಕದ ಕೋಷ್ಟಕ ಇಟ್ಟುಕೊಂಡು ಅಳೆದಿರಲಿಲ್ಲ. ಗೌಂಡಿ ಮೊದಲು ದಾರದ ಗುಂಡು ಇಳಿಬಿಟ್ಟು ನೋಡ್ತಾನೆ, ಆಮೇಲೆ ಗೋಡೆ ನೆಟ್ಟಗೈತಿ ಅಂತಾನೆ.

ಮಂಗಳವಾರ ಕೋಣೆ ಖಾಲಿ ಇತ್ತು. ಆ ಕಟ್ಟಳೆಯ ಕೋಷ್ಟಕ ಗುಟ್ಟಿನದಲ್ಲ, ಇಂಟರ್‌ನೆಟ್ಟಿನಲ್ಲಿ ಯಾರು ಬೇಕಾದರೂ ಓದಬಹುದು. ಮುದ್ರಿಸಿಕೊಂಡೆ, ಎಡದೀಪ ಬಿಗಿದೆ. ಬ್ರೇಕಿನ ಬೆಳಕು, ಹಿಂಬದಿಯ ಬೆಳಕು, ತಿರುವಿನ ಹಳದಿ ಬೆಳಕು, ಒಂದೊಂದು ಕೋನಕ್ಕೂ ಅಳೆದೆ. ಊಟಕ್ಕೆ ಹೋಗಲಿಲ್ಲ. ಬಲದೀಪವನ್ನೂ ಅಳೆದೆ. ಇದ್ದ ಬೆಳಕೆಲ್ಲ ಅಮೆರಿಕದ ಗೆರೆಯೊಳಗೇ ಬಿತ್ತು. ಬ್ರೇಕಿನ ಬೆಳಕು ಒಂದು ಕೋನದಲ್ಲಿ ಗೆರೆಯ ಅಂಚಿಗಿತ್ತು. ಅದನ್ನ ಮುಚ್ಚಿಡಲಿಲ್ಲ, ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದೆ. ಪಕ್ಕೆಯ ದೀಪ ಮತ್ತು ಬಿಲ್ಲೆ ಇಲ್ಲವೇ ಇಲ್ಲ, ಅಳೆಯೋದು ಏನನ್ನ?

ಆಮೇಲೆ ಸಾಹೇಬರು ತುಂಬಿದ ತಖ್ತೆ ಬದಿಗಿಟ್ಟು ಖಾಲಿ ತಖ್ತೆ ತೆಗೆದೆ. ಸ್ಕೇಲು ಹಿಡಿದು ಪಾಸು, ಫೇಲಿನ ಪಕ್ಕ ಮೂರನೇ ಮನೆ ಎಳೆದೆ. ಮೇಲೆ ಬರೆದೆ: ಪರೀಕ್ಷೆಗೆ ಒಡ್ಡಿಲ್ಲ. ಅಮೆರಿಕದ ಸಾಲಿನಲ್ಲಿ ಅಲ್ಲೇ ಗುರುತು ಹಾಕಿದೆ. ಕೆಳಗೆ ಎರಡು ಸಾಲು: ಪಕ್ಕೆಯ ದೀಪ ಕೇಳಿಲ್ಲದ್ದರಿಂದ ವಿನ್ಯಾಸದಲ್ಲಿಲ್ಲ, ಇರುವ ದೀಪಗಳ ಅಳತೆ ಜೊತೆಗಿದೆ. ಸಹಿ ಹಾಕಿದೆ. ನನ್ನ ಸಹಿ ಸ್ವಲ್ಪ ದೊಡ್ಡದು, ಆ ದಿನ ಇನ್ನೂ ದೊಡ್ಡದು ಬಂತು.

"ಫಾರ್ಮ್ ಕೆಡಿಸಿದ್ದೀಯಲ್ಲ," ಅಂದರು ಸಾಹೇಬರು ಬುಧವಾರ. "ದೊಡ್ಡ ಕಂಪನಿಯವರ ಫಾರ್ಮಿಗೆ ಮನೆ ಕಟ್ಟೋಕೆ ನೀನ್ಯಾರು?"

"ಮನೆ ಕಟ್ಟೋರ ಮಗಳು ಸರ್."

ಅವರಿಗೆ ನಗು ಬಂತು, ತಡೆದುಕೊಂಡರು. ಅಳತೆಯ ಹಾಳೆಗಳನ್ನ ತಿರುವಿ ಕೆಂಪು ಸುತ್ತಿನ ಹತ್ತಿರ ಬಹಳ ಹೊತ್ತು ನಿಂತರು. "ಇದನ್ಯಾಕೆ ಸುತ್ತಿದೆ? ಪಾಸೇ ಇದೆಯಲ್ಲ."

"ಅಂಚಿಗಿದೆ. ಗೊತ್ತಿರಲಿ ಅಂತ."

ತಖ್ತೆ ಹಾಗೇ ಹೋಯಿತು. ಮುಂದಿನ ವಾರ ಕಾರು ಕಂಪನಿಯ ಒಬ್ಬರು ಇಂಜಿನಿಯರ್ ಮೇಡಂ ವಿಡಿಯೋ ಕರೆಗೆ ಬಂದರು. ಪರದೆಯ ಮೇಲೆ ನಮ್ಮ ಹಾಳೆ ತೆರೆದರು. ಎಲ್ಲರ ಅಚ್ಚುಕಟ್ಟು ಹಾಳೆಗಳ ನಡುವೆ ನಮ್ಮದು, ಪೆನ್ನಿನ ಗೆರೆಯದು. ಈ ಮನೆ ಯಾರು ಬರೆದದ್ದು ಅಂತ ಇಂಗ್ಲಿಷಿನಲ್ಲಿ ಕೇಳಿದರು. ಸಾಹೇಬರು ನನ್ನ ಕಡೆ ಬೆರಳು ಮಾಡಿ, "ಅಳೆದದ್ದು ಇವಳು, ಇವಳನ್ನೇ ಕೇಳಿ," ಅಂದರು. ಅದು ನನ್ನನ್ನ ಮುಂದೆ ದೂಡಿದ್ದೋ, ನಂಬಿದ್ದೋ, ಇವತ್ತಿಗೂ ನನಗೆ ತಿಳಿದಿಲ್ಲ.

ನನ್ನ ಇಂಗ್ಲಿಷು ಗೌಂಡಿ ಇಂಗ್ಲಿಷು, ಇಟ್ಟಿಗೆ ಮೇಲೆ ಇಟ್ಟಿಗೆ ಇಟ್ಟ ಹಾಗೆ. ಹಾಗೇ ಹೇಳಿದೆ: ನಿಮ್ಮ ಫಾರ್ಮಿನಲ್ಲಿ ಎರಡು ಮನೆ ಇವೆ. ನಮ್ಮ ದೀಪ ಎರಡರಲ್ಲೂ ಇಲ್ಲ. ನೀವು ಪಕ್ಕೆಯ ದೀಪ ಕೇಳಿ, ನಾವು ಮಾಡಿಕೊಡ್ತೇವೆ, ಆಮೇಲೆ ಬೇಕಾದರೆ ಫೇಲ್ ಮಾಡಿ. ಕೇಳದೆ ಫೇಲ್ ಮಾಡಬೇಡಿ.

ಆ ಮೇಡಂ ಸ್ವಲ್ಪ ಹೊತ್ತು ಅಳತೆ ನೋಡಿದರು. ಆ ಕೆಂಪು ಸುತ್ತಿನ ಬಗ್ಗೆ ಎರಡು ಪ್ರಶ್ನೆ ಕೇಳಿದರು, ಉತ್ತರ ಕೊಟ್ಟೆ. "ಈ ಹಾಳೆ ಹೀಗೇ ಇರಲಿ," ಅಂದರು. ಅಷ್ಟೇ. ಮುಂದಿನವರ ಹಾಳೆ ತೆರೆದರು.

ಎರಡು ತಿಂಗಳಾದ ಮೇಲೆ ಅವರ ಪಟ್ಟಿ ಬಂತು. ಅಮೆರಿಕದ ದೀಪ ಬೇಕಾದರೆ ಯಾರನ್ನ ಕೇಳಬೇಕು ಅನ್ನೋದರಲ್ಲಿ ನಮ್ಮ ಕಾರ್ಖಾನೆಯೂ ಇತ್ತು. ಆದರೆ ಕಾರು ಹೋಗಲಿಲ್ಲ. ಅಷ್ಟು ಸೆಡಾನ್ ಅಲ್ಲಿ ಮಾರಾಟ ಆಗೋದಿಲ್ಲ ಅಂತ ಕಂಪನಿ ಮತ್ತೆ ಕೈಬಿಟ್ಟಿತು. ವಿಡಿಯೋ ಕೆಳಗೆ ಅಮೆರಿಕದವರು ಇನ್ನೂ ಅಳುತ್ತಿದ್ದಾರೆ. ಅಳಲಿ. ಅದರಲ್ಲಿ ನಮ್ಮ ದೀಪದ ತಪ್ಪು ಇಲ್ಲ, ಹಾಗಂತ ಕಾಗದದ ಮೇಲೇ ಇದೆ. ನನ್ನ ಕಾಂಟ್ರಾಕ್ಟು ಅದಕ್ಕೆ ಮೊದಲೇ ಹನ್ನೊಂದು ತಿಂಗಳಿಗೆ ಮುಂದುವರಿದಿತ್ತು. ಕಾಯಂ ಮಾಡಲಿಲ್ಲ. ಅದನ್ನೂ ಕೇಳುವವಳಿದ್ದೇನೆ.

ಆ ತಖ್ತೆಯ ಝೆರಾಕ್ಸ್ ಒಂದನ್ನ ನಾಸಿಕ್‌ಗೆ ಒಯ್ದಿದ್ದೆ. ಅಪ್ಪ ಮೂರನೇ ಮನೆಯ ಗೆರೆಯ ಮೇಲೆ ಬೆರಳಾಡಿಸಿ, "ನೆಟ್ಟಗ ಎಳದೀ," ಅಂದ. ಅವ್ವ ಸೆರಗಿಗೆ ಕೈ ಒರೆಸಿಕೊಂಡು ಹಾಳೆ ಇಸಕೊಂಡಳು. ತಲೆಕೆಳಗಾಗಿ ಹಿಡಿದಿದ್ದಳು, ಸಹಿ ಎಲ್ಲಿ ಅಂತ ಮಾತ್ರ ಕೇಳಿದಳು, ತೋರಿಸಿದೆ. ಮಡಿಸಿ ದೇವರ ಗೂಡಿನ ಕಡೆ ಹೊರಟವಳು ಅರ್ಧಕ್ಕೆ ನಿಂತಳು. ತಿರುಗಿ ನನ್ನ ಮುಖ ನೋಡಿದಳು. ಇಷ್ಟು ವರ್ಷದಲ್ಲಿ ಆ ಹಾಲ್ ಟಿಕೆಟ್ಟಿನ ಮಾತು ನಾವಿಬ್ಬರೂ ಎತ್ತಿದ್ದೇ ಇಲ್ಲ.

"ಇಲ್ಲಿ ಇಡೂದು ಬ್ಯಾಡಲಾ?" ಅಂದಳು.

"ಬ್ಯಾಡವ್ವ. ಕೊಡ ಇಲ್ಲಿ, ನನ್ನ ಚೀಲದಾಗ ಇರಲಿ."